ಬಲವೆಂಬುದು ನಾಮಪದವೆ? — ಗತಿವಿಜ್ಞಾನದ ಮೊದಲ ಪಾಠಗಳ ಒಂದು ವಿಮರ್ಶೆ

ಗತಿವಿಜ್ಞಾನದ ಮೊದಲ ಪಾಠಗಳನ್ನು ಬೋಧಿಸುವ ಪುಸ್ತಕಗಳು, ಕನ್ನಡದವಾಗಲಿ ಇಂಗ್ಲಿಷಿನವಾಗಲಿ, ಕ್ರಮದ ವಿಷಯದಲ್ಲಿ ತಮ್ಮತಮ್ಮಲ್ಲೇ ಒಪ್ಪಂದ ಮಾಡಿಕೊಂಡಂತೆ ಕಾಣುತ್ತವೆ. ಸ್ಥಾನಪಲ್ಲಟ, ವೇಗ, ವೇಗೋತ್ಕರ್ಷ ಇವುಗಳನ್ನು ಒಂದಾದ ಮೇಲೊಂದರಂತೆ ನಿರೂಪಿಸಿ, ನಾಲ್ಕಾರು ಸಮೀಕರಣಗಳನ್ನು ಸಾಧಿಸಿ, ಅನಂತರ ನ್ಯೂಟನ್ನನ ಮೂರು ನಿಯಮಗಳನ್ನು ಚೌಕಟ್ಟಿನೊಳಗೆ ಅಚ್ಚುಹಾಕಿ, ಕೂಡಲೆ ಲೆಕ್ಕಗಳಿಗೆ ಕೈಹಾಕುವುದು ಇವುಗಳ ಪದ್ಧತಿ. ವಿದ್ಯಾರ್ಥಿಗಳು ಲೆಕ್ಕಗಳನ್ನು ಮಾಡುತ್ತಾರೆ. ಉತ್ತರಗಳೂ ಪುಸ್ತಕದ ಹಿಂಬದಿಯ ಉತ್ತರಗಳೊಡನೆ ಹೊಂದುತ್ತವೆ. ಆದರೆ ಮೇಲಕ್ಕೆ ಎಸೆದ ಕಲ್ಲು ಕೈಯಿಂದ ಬಿಡುಗಡೆ ಹೊಂದಿ ಏರುತ್ತಿರುವಾಗ ಅದರ ಮೇಲೆ ವರ್ತಿಸುವ ಬಲಗಳು ಯಾವುವು ಎಂದು ಅದೇ ವಿದ್ಯಾರ್ಥಿಗಳನ್ನು ಕೇಳಿ ನೋಡಬೇಕು. ಭೂಮಿಯ ಆಕರ್ಷಣೆಯ ಜೊತೆಗೆ 'ಎಸೆದ ಬಲ' ಎಂಬ ಇನ್ನೊಂದನ್ನು ಸೇರಿಸಿ, ಅದು ಬರಬರುತ್ತ ಕುಂದಿ ಶಿಖರದಲ್ಲಿ ಮುಗಿದುಹೋಗುವುದೆಂದು ಅವರಲ್ಲಿ ಬಹುಮಂದಿ ಹೇಳುತ್ತಾರೆ. ಹೆಚ್ಚು ಅಂಕ ಗಳಿಸುವವರ ಉತ್ತರವೂ ಎಷ್ಟೋ ವೇಳೆ ಇದೇ ಆಗಿರುವುದರಿಂದ ಇದನ್ನು ಮಂದಬುದ್ಧಿಯ ಫಲವೆಂದು ತಳ್ಳಿಹಾಕುವಂತಿಲ್ಲ.

ಈ ಸಂಗತಿ ನಮ್ಮ ನಾಡಿಗೆ ಮಾತ್ರ ಸೇರಿದ್ದಲ್ಲ. ಅಮೆರಿಕದ ಜಾನ್ ಕ್ಲೆಮೆಂಟ್ ಎಂಬ ವಿದ್ವಾಂಸರು 1982ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೇಲಕ್ಕೆ ಚಿಮ್ಮಿದ ನಾಣ್ಯವೊಂದು ಏರುತ್ತಿರುವಾಗ ಅದರ ಮೇಲಿನ ಬಲಗಳನ್ನು ಬಾಣದ ಗುರುತಿನಿಂದ ತೋರಿಸಬೇಕೆಂದು ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ಕೇಳಿದ್ದರು; ಬಹುಪಾಲು ಮಂದಿ ಕೈಯ ಬಲವನ್ನು ಮೇಲ್ಮುಖವಾದ ಬಾಣವಾಗಿ ಬರೆದರು. ಅರಿಜ಼ೋನ ರಾಜ್ಯ ವಿಶ್ವವಿದ್ಯಾನಿಲಯದ ಡೇವಿಡ್ ಹೆಸ್ಟೆನೆಸ್ ಮತ್ತು ಅವರ ಸಹೋದ್ಯೋಗಿಗಳು 1992ರಲ್ಲಿ, ಲೆಕ್ಕವನ್ನೇ ಬೇಡದ, ಬಲದ ಭಾವನೆಯನ್ನಷ್ಟೇ ಪರೀಕ್ಷಿಸುವ ಸುಮಾರು 30 ಪ್ರಶ್ನೆಗಳ ಒಂದು ಪತ್ರಿಕೆಯನ್ನು ಸಿದ್ಧಪಡಿಸಿದರು. ಅದನ್ನೇ ಮುಖ್ಯ ಅಳತೆಗೋಲನ್ನಾಗಿ ಹಿಡಿದು ರಿಚರ್ಡ್ ಹೇಕ್ ಅವರು 6000ಕ್ಕೂ ಮೀರಿದ ವಿದ್ಯಾರ್ಥಿಗಳ ಫಲಿತಾಂಶಗಳನ್ನು 1998ರಲ್ಲಿ ಒಟ್ಟುಗೂಡಿಸಿ ಪ್ರಕಟಿಸಿದರು. ಪಾಠಕ್ಕೆ ಮುಂಚೆ ತಿಳಿಯದೆ ಇದ್ದುದರಲ್ಲಿ ಎಷ್ಟು ಭಾಗವನ್ನು ಪಾಠದಿಂದ ಗಳಿಸಿದರು ಎಂದು ಲೆಕ್ಕ ಹಾಕಿದರೆ, ಕೇವಲ ಉಪನ್ಯಾಸವನ್ನು ಕೇಳಿದವರದು ಸರಾಸರಿ ಶೇಕಡ 23. ಚರ್ಚೆ ಪ್ರಯೋಗಗಳಲ್ಲಿ ತಾವೇ ತೊಡಗಿ ಕಲಿತವರದು ಶೇಕಡ 48. ಈ ಎರಡನೆಯ ಅಂಕಿಯನ್ನು ಹೊಗಳುವವರು ಅದರ ಮತ್ತೊಂದು ಮುಖವನ್ನು ಮರೆಯುತ್ತಾರೆ. ಬೋಧನಾಕ್ರಮವನ್ನು ಬದಲಿಸಿಕೊಂಡವರೂ ಸರಾಸರಿಯಲ್ಲಿ ಅರ್ಧ ದಾರಿಯನ್ನು ದಾಟಲಿಲ್ಲ. ಆದುದರಿಂದ ಕ್ರಮದ ವಿಚಾರವನ್ನು ಬದಿಗಿಟ್ಟು, ಬೋಧಿಸಲ್ಪಡುವ ಭಾವನೆಯನ್ನೇ, ಅದನ್ನು ಹೊತ್ತ ಮಾತುಗಳನ್ನೇ ಪರಾಮರ್ಶಿಸುವುದು ಪ್ರಕೃತ ಲೇಖನದ ಉದ್ದೇಶ.

ನ್ಯೂಟನ್ನನ 'ಪ್ರಿನ್ಸಿಪಿಯ' ಅಚ್ಚಾದುದು 1687ರಲ್ಲಿ. ಅದರಲ್ಲಿ ಮೂರು ನಿಯಮಗಳಿಗೆ ಮುಂಚೆ ಎಂಟು ನಿರೂಪಣೆಗಳಿವೆ. ನಮ್ಮ ಪಠ್ಯಪುಸ್ತಕಗಳು ನಿಯಮಗಳನ್ನು ಉಳಿಸಿಕೊಂಡು ನಿರೂಪಣೆಗಳನ್ನು ಕೈಬಿಟ್ಟಿವೆ. ಹೀಗೆ ಕಳೆದುಹೋದವುಗಳಲ್ಲಿ ನಾಲ್ಕನೆಯದು ನಮ್ಮ ದೃಷ್ಟಿಯಲ್ಲಿ ಅತ್ಯಂತ ಬೆಲೆಯುಳ್ಳದ್ದು. ಒಂದು ವಸ್ತುವಿನ ಮೇಲೆ ಹೊರಗಿನಿಂದ ಪ್ರಯೋಗಿಸಿದ ಬಲವು ಆ ವರ್ತನೆಯಲ್ಲಿ ಮಾತ್ರ ಇರತಕ್ಕದ್ದು, ವರ್ತನೆ ಮುಗಿದ ಮೇಲೆ ವಸ್ತುವಿನಲ್ಲಿ ಉಳಿಯತಕ್ಕದ್ದಲ್ಲ ಎಂಬುದು ಅದರ ತಾತ್ಪರ್ಯ. ಉಳಿಯುವುದು ಹೊಸದಾಗಿ ಪಡೆದ ಚಲನಸ್ಥಿತಿ. ಅದು ಉಳಿಯುವುದು ಜಡತ್ವದಿಂದ. ಎಸೆದ ಕಲ್ಲಿನ ಪ್ರಶ್ನೆಗೆ ಉತ್ತರ ಇಷ್ಟರಲ್ಲೇ ಅಡಗಿದೆ. ಕೈ ಕಲ್ಲನ್ನು ಮುಟ್ಟಿರುವತನಕ ಕೈಯ ಬಲ. ಬಿಟ್ಟ ಕ್ಷಣದಿಂದ ಅದಿಲ್ಲ. ನ್ಯೂಟನ್ ಈ ಮಾತನ್ನು ಸುಮ್ಮನೆ ಹೇಳಿದವನಲ್ಲ. ಅವನ ಕಾಲಕ್ಕೆ ಸಾವಿರ ವರ್ಷಕ್ಕೂ ಹಿಂದಿನಿಂದ ಬೇರೂರಿದ್ದ ಒಂದು ಮತವನ್ನು ಅದು ಕಿತ್ತುಹಾಕುತ್ತಿತ್ತು. ಆರನೆಯ ಶತಮಾನದಲ್ಲಿ ಅಲೆಗ್ಜ಼ಾಂಡ್ರಿಯದ ಫಿಲೊಪೊನಸ್, ಹದಿನಾಲ್ಕನೆಯ ಶತಮಾನದಲ್ಲಿ ಪ್ಯಾರಿಸಿನ ಬುರಿಡಾನ್, ಎಸೆಯುವವನು ಎಸೆದ ವಸ್ತುವಿನಲ್ಲಿ ಒಂದು ಪ್ರೇರಣೆಯನ್ನು ತುಂಬುತ್ತಾನೆ, ಅದರಿಂದಲೇ ವಸ್ತು ಮುಂದುವರಿಯುತ್ತದೆ ಎಂದು ವಾದಿಸಿದ್ದರು. ಗೆಲಿಲಿಯೋ ಕೂಡ 1590ರ ಸುಮಾರಿನಲ್ಲಿ, ಪೀಸಾದಲ್ಲಿ ಬರೆದ ತನ್ನ ಮೊದಲ ಟಿಪ್ಪಣಿಗಳಲ್ಲಿ, ಎಸೆದ ವಸ್ತುವಿನೊಳಗೆ ಸೇರಿ ಕ್ರಮೇಣ ಕರಗುವ ಬಲವೊಂದನ್ನು ಒಪ್ಪಿದ್ದನು. 1638ರ ಮಹಾಗ್ರಂಥದ ತನಕ ಅವನು ನಡೆದು ಬಂದ ದೂರವನ್ನು ನಮ್ಮ ವಿದ್ಯಾರ್ಥಿ ಎರಡು ಅವಧಿಗಳಲ್ಲಿ ಕ್ರಮಿಸಬೇಕೆಂದು ನಾವು ನಿರೀಕ್ಷಿಸುತ್ತೇವೆ. ಅದೂ ದಾರಿಯನ್ನು ತೋರಿಸದೆ.

ಇಲ್ಲಿ ನಮ್ಮ ನುಡಿಯ ವಿಚಾರ ಬರುತ್ತದೆ. ಕಾಯಿಲೆಯಿಂದ ಎದ್ದವನಿಗೆ ಬಲ ಬಂತು ಎನ್ನುತ್ತೇವೆ; ಮುದುಕನಿಗೆ ಬಲ ಕುಂದಿತು ಎನ್ನುತ್ತೇವೆ; ಜನಬಲ, ಹಣಬಲ ಎನ್ನುತ್ತೇವೆ. ಈ ಎಲ್ಲ ಪ್ರಯೋಗಗಳಲ್ಲೂ ಬಲವು ಒಬ್ಬನಲ್ಲಿ ಇರುವ, ಒಬ್ಬನಿಗೆ ಬರುವ, ಒಬ್ಬನಿಂದ ಹೋಗುವ ಸ್ವತ್ತು. ಗತಿವಿಜ್ಞಾನದ ಬಲಕ್ಕೂ ಇದೇ ಪದವನ್ನು ಇಟ್ಟುಕೊಂಡುದರಲ್ಲಿ ತಪ್ಪೇನೂ ಇಲ್ಲ. ಇಂಗ್ಲಿಷರು, ಫ್ರೆಂಚರು, ಜರ್ಮನರು ಮಾಡಿರುವುದೂ ಇದನ್ನೇ. ತಪ್ಪಿರುವುದು ಆ ಪದದ ಸುತ್ತ ನಾವು ಕಟ್ಟುವ ವಾಕ್ಯದಲ್ಲಿ. ವಸ್ತುವಿಗೆ ಬಲವನ್ನು ಕೊಟ್ಟಾಗ, ವಸ್ತುವಿನ ಬಲ ಹೆಚ್ಚಿದಾಗ, ಬಲವನ್ನು ಕಳೆದುಕೊಂಡ ವಸ್ತು ನಿಂತಾಗ ಎಂದು ತರಗತಿಯಲ್ಲಿ ನಾವು ಆಡುವ, ಕೆಲವೊಮ್ಮೆ ಪುಸ್ತಕಗಳಲ್ಲೂ ಕಾಣುವ ಈ ಮಾತುಗಳೆಲ್ಲ ನ್ಯೂಟನ್ ಕಿತ್ತುಹಾಕಿದ್ದನ್ನು ಚತುರ್ಥೀ ಷಷ್ಠೀ ವಿಭಕ್ತಿಗಳ ಬಾಗಿಲಿನಿಂದ ಒಳಗೆ ಕರೆದುತರುತ್ತವೆ. ಆಡುಮಾತಿನ 'ರಭಸ' ಎಂಬ ಪದ ಇದಕ್ಕೆ ಮತ್ತಷ್ಟು ಇಂಬು ಕೊಡುತ್ತದೆ. ಉರುಳುವ ಬಂಡೆಗೆ ರಭಸವಿದೆ ಎಂಬುದು ಸರಿಯಾದ ಮಾತೇ. ಅದರಿಂದ ಸೂಚಿತವಾಗುವುದು ಸಂವೇಗ, ಬಲವಲ್ಲ. ವಿದ್ಯಾರ್ಥಿಗಳಲ್ಲಿರುವ ಭಾವನೆ ಸುಳ್ಳಲ್ಲ. ಸಂವೇಗಕ್ಕೆ ಇಡಬೇಕಾದ ಹೆಸರನ್ನು ಅವರು ಬಲಕ್ಕೆ ಇಟ್ಟಿದ್ದಾರೆ, ಅಷ್ಟೆ. ಬುರಿಡಾನನು ತನ್ನ ಪ್ರೇರಣೆಯನ್ನು ವಸ್ತುವಿನ ದ್ರವ್ಯದ ಪರಿಮಾಣ ಮತ್ತು ಅದರ ವೇಗ ಇವೆರಡರಿಂದಲೂ ಅಳೆಯಬೇಕೆಂದು ಹೇಳಿದ್ದನೆಂಬುದನ್ನು ನೆನೆದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ.

ಕನ್ನಡದ ಪಾರಿಭಾಷಿಕ ಪದಗಳ ಹಿಂದೆ ಇನ್ನೊಂದು ಕಥೆಯೂ ಉಂಟು. ವೇಗ, ಗುರುತ್ವ, ದ್ರವತ್ವ, ಸ್ಥಿತಿಸ್ಥಾಪಕತ್ವ ಇವು ನ್ಯಾಯವೈಶೇಷಿಕ ದರ್ಶನಗಳಲ್ಲಿ ಬಳಕೆಯಲ್ಲಿದ್ದ ಮಾತುಗಳು. ಪ್ರಶಸ್ತಪಾದನ 'ಪದಾರ್ಥಧರ್ಮಸಂಗ್ರಹ'ದಲ್ಲಿ ಸಂಸ್ಕಾರವೆಂಬ ಗುಣವನ್ನು ವೇಗ, ಭಾವನಾ, ಸ್ಥಿತಿಸ್ಥಾಪಕ ಎಂದು ಮೂರು ಬಗೆಯಾಗಿ ವಿಂಗಡಿಸಿದೆ. ಬಿಲ್ಲಿನಿಂದ ಹೊರಟ ಬಾಣದ ಮೊದಲ ಚಲನೆಗೆ ನೋದನ ಕಾರಣ; ಆ ಚಲನೆಯಿಂದ ಬಾಣದಲ್ಲಿ ಸಂಸ್ಕಾರ ಹುಟ್ಟುತ್ತದೆ; ಮುಂದಿನ ಚಲನೆಗಳು ಅದರಿಂದ; ಅದು ಇಲ್ಲವಾದಾಗ ಗುರುತ್ವದಿಂದ ಪತನ. ಕಣಾದಸೂತ್ರಗಳ ಐದನೆಯ ಅಧ್ಯಾಯದ ಅಭಿಪ್ರಾಯ ಇದು. ಅಂದರೆ ವೈಶೇಷಿಕರ ವೇಗವು ಇಂದಿನ ಭೌತಶಾಸ್ತ್ರದ ವೇಗವಲ್ಲ. ಅದು ವಸ್ತುವಿನಲ್ಲಿ ನೆಲೆನಿಂತು ಅದನ್ನು ಮುಂದಕ್ಕೆ ಒಯ್ಯುವ ಒಂದು ಗುಣ, ಬುರಿಡಾನನ ಪ್ರೇರಣೆಗೆ ಬಹಳ ಸಮೀಪವಾದುದು. ಇತ್ತೀಚಿನ ವರ್ಷಗಳಲ್ಲಿ ನ್ಯೂಟನ್ನನ ಮೂರು ನಿಯಮಗಳನ್ನೂ ಕಣಾದನೇ ಹೇಳಿದ್ದನೆಂಬ ಮಾತು ಹರಡುತ್ತಿದೆ. ಇದು ಕಣಾದನಿಗೂ ನ್ಯಾಯವಲ್ಲ, ನ್ಯೂಟನ್ನನಿಗೂ ನ್ಯಾಯವಲ್ಲ. ವೈಶೇಷಿಕರು ಗತಿಯ ಕಾರಣವನ್ನು ಕುರಿತು ಸೂಕ್ಷ್ಮವಾಗಿ ಚಿಂತಿಸಿ ಒಂದು ಸುಸಂಬದ್ಧವಾದ ಮತವನ್ನು ಕಟ್ಟಿದರು. ಆ ಮತವು ನ್ಯೂಟನ್ನನ ನಾಲ್ಕನೆಯ ನಿರೂಪಣೆಗೆ ನೇರವಾಗಿ ಎದುರಾದುದು. ಅಧ್ಯಾಪಕರು ಇದನ್ನು ಮುಚ್ಚಿಡುವ ಬದಲು ತರಗತಿಯಲ್ಲಿ ಎರಡು ಮತಗಳನ್ನೂ ಎದುರುಬದುರಾಗಿ ಇಟ್ಟರೆ ವಿದ್ಯಾರ್ಥಿಗಳು ತಮ್ಮ ಮನಸ್ಸಿನಲ್ಲಿರುವುದು ಯಾವ ಮತವೆಂದು ತಾವೇ ಗುರುತಿಸಿಕೊಳ್ಳುವರು.

ಜಡತ್ವದ ಕಥೆಯೂ ಇಂಥದೇ, ಆದರೆ ಚಿಕ್ಕದು. ಲ್ಯಾಟಿನ್ ಮೂಲಪದಕ್ಕೆ ಸೋಮಾರಿತನವೆಂಬ ಅರ್ಥವಿತ್ತು. ಕೆಪ್ಲರನು ಅದನ್ನು ವಸ್ತುಗಳು ನಿಶ್ಚಲತೆಯ ಕಡೆಗೆ ಒಲಿಯುವ ಸ್ವಭಾವವೆಂಬ ಅರ್ಥದಲ್ಲಿ ಬಳಸಿದನು. ನ್ಯೂಟನ್ ಚಲಿಸುತ್ತಿರುವುದು ಚಲಿಸುತ್ತಲೇ ಇರುವುದಕ್ಕೂ ಅದೇ ಪದವನ್ನು ಹಿಗ್ಗಿಸಿದನು. ನಮ್ಮ 'ಜಡ' ಎಂಬ ಮಾತು ಇನ್ನೂ ಕೆಪ್ಲರನ ಕಾಲದಲ್ಲೇ ನಿಂತಿದೆ. ಇದಕ್ಕಿಂತ ಕೆಟ್ಟದ್ದೆಂದರೆ 'ಜಡತ್ವದ ಬಲ' ಎಂಬ ಪ್ರಯೋಗ. ಈ ಗೊಂದಲಕ್ಕೆ ನ್ಯೂಟನ್ನನೇ ಬೀಜ ಬಿತ್ತಿದವನು, ಏಕೆಂದರೆ ಮೂರನೆಯ ನಿರೂಪಣೆಯಲ್ಲಿ ಅವನು ಜಡತ್ವವನ್ನೂ ಬಲವೆಂಬ ಹೆಸರಿನಿಂದಲೇ ಕರೆದಿದ್ದಾನೆ. ಬಸ್ಸು ತಟ್ಟನೆ ನಿಂತಾಗ ಪ್ರಯಾಣಿಕನು ಮುಂದಕ್ಕೆ ಮುಗ್ಗರಿಸುವುದು ಜಡತ್ವದ ಬಲದಿಂದ ಎಂದು ಬರೆದ ಉತ್ತರಕ್ಕೆ ಅಂಕ ಕೊಡಬಾರದೆಂಬುದು ನಮ್ಮ ಅಭಿಪ್ರಾಯ. ಅವನನ್ನು ಮುಂದಕ್ಕೆ ತಳ್ಳಿದವರು ಯಾರೂ ಇಲ್ಲ. ಬಸ್ಸಿನ ನೆಲವು ಅವನ ಪಾದಗಳನ್ನು ಹಿಂದಕ್ಕೆ ಎಳೆಯಿತು, ಮೇಲಿನ ಮೈ ಮೊದಲಿನ ವೇಗದಲ್ಲೇ ಸಾಗಿತು.

ಹಾಗಾದರೆ ಪರಿಹಾರವೇನು? ಹೊಸ ಪದಗಳನ್ನು ಟಂಕಿಸುವುದರಲ್ಲಿ ನಮಗೆ ನಂಬಿಕೆಯಿಲ್ಲ. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ 'ವಿಜ್ಞಾನ' ಮಾಸಪತ್ರಿಕೆಯನ್ನು ಆರಂಭಿಸಿದ ದಿನದಿಂದ ಇಂದಿನವರೆಗೆ ಕನ್ನಡದಲ್ಲಿ ಪದಗಳ ಚರ್ಚೆ ಸಾಕಷ್ಟು ನಡೆದಿದೆ. ವಾಕ್ಯಗಳ ಚರ್ಚೆ ನಡೆದಿಲ್ಲ. ಕನ್ನಡದಲ್ಲಿ ತಳ್ಳು, ನೂಕು, ಎಳೆ, ಒತ್ತು, ಜಗ್ಗು ಎಂಬ ಸಕರ್ಮಕ ಧಾತುಗಳಿವೆ. ಸಕರ್ಮಕ ಧಾತುವಿಗೆ ಕರ್ತೃವೂ ಬೇಕು, ಕರ್ಮವೂ ಬೇಕು. 'ತಳ್ಳುತ್ತದೆ' ಎಂದರೆ ಯಾವುದು ಎಂದೂ, ಯಾವುದನ್ನು ಎಂದೂ ಕೇಳದೆ ವಾಕ್ಯ ಮುಗಿಯದು. ಗತಿವಿಜ್ಞಾನದ ಬಲಕ್ಕೆ ಬೇಕಾದ ವ್ಯಾಕರಣ ಇದೇ. ಬಲವು ಎರಡು ವಸ್ತುಗಳ ನಡುವಣ ವ್ಯಾಪಾರ; ಒಂದೇ ವಸ್ತುವಿನ ಧರ್ಮವಲ್ಲ. ಆದುದರಿಂದ ಅದನ್ನು ಮೊದಲು ಕ್ರಿಯಾಪದವಾಗಿ ಕಲಿಸಿ, ವಿದ್ಯಾರ್ಥಿಗಳ ಬಾಯಲ್ಲಿ ಅದು ಪಳಗಿದ ಮೇಲೆ ನಾಮಪದವನ್ನು ಪರಿಚಯಿಸುವುದು ಮೇಲೆಂದು ನಾವು ಹೇಳುತ್ತೇವೆ. ಎಸೆದ ಕಲ್ಲಿನ ವಿಷಯದಲ್ಲಿ ಈ ಕ್ರಮವನ್ನು ಪ್ರಯೋಗಿಸಿ ನೋಡಬಹುದು. ಭೂಮಿ ಕಲ್ಲನ್ನು ಎಳೆಯುತ್ತದೆ. ಗಾಳಿ ಕಲ್ಲನ್ನು ತುಸು ತಡೆದು ಒತ್ತುತ್ತದೆ. ಇನ್ನಾವ ವಸ್ತು ಕಲ್ಲನ್ನು ತಳ್ಳುತ್ತದೆ? ಕರ್ತೃಸ್ಥಾನದಲ್ಲಿ ಇಡಲು ಯಾವ ಹೆಸರೂ ಸಿಕ್ಕದು. 'ಎಸೆದ ಬಲ'ವನ್ನು ಬರೆದ ವಿದ್ಯಾರ್ಥಿ ಇಲ್ಲಿ ತಾನೇ ತಡವರಿಸುತ್ತಾನೆ.

ಮೂರನೆಯ ನಿಯಮದಲ್ಲಿ ಈ ವ್ಯಾಕರಣದ ಪ್ರಯೋಜನ ಇನ್ನೂ ಹೆಚ್ಚು. ಕ್ರಿಯೆ, ಪ್ರತಿಕ್ರಿಯೆ ಎಂಬ ಎರಡು ಮಾತುಗಳಿಂದ ಈ ನಿಯಮಕ್ಕೆ ಆಗಿರುವ ಅನ್ಯಾಯ ಅಷ್ಟಿಷ್ಟಲ್ಲ. ಪ್ರತ್ಯುತ್ತರ, ಪ್ರತೀಕಾರ, ಪ್ರತ್ಯುಪಕಾರ ಇವುಗಳಲ್ಲಿ 'ಪ್ರತಿ' ಎಂಬುದು ಮೊದಲು ನಡೆದುದಕ್ಕೆ ಅನಂತರ ಬರುವ ಉತ್ತರವನ್ನು ಸೂಚಿಸುತ್ತದೆ. ಹೀಗಾಗಿ ವಿದ್ಯಾರ್ಥಿಯು ಕ್ರಿಯೆ ಮುಂಚೆ, ಪ್ರತಿಕ್ರಿಯೆ ಆಮೇಲೆ. ಕ್ರಿಯೆ ಚೇತನದ್ದು, ಪ್ರತಿಕ್ರಿಯೆ ಜಡದ್ದು. ಕ್ರಿಯೆ ಕಾರಣ, ಪ್ರತಿಕ್ರಿಯೆ ಕಾರ್ಯ ಎಂದು ಭಾವಿಸುತ್ತಾನೆ. ಸಾರ್ವಜನಿಕ ಭಾಷಣಗಳಲ್ಲಿ ಈ ನಿಯಮವನ್ನು ಕರ್ಮಸಿದ್ಧಾಂತದ ಸಾಕ್ಷಿಯಾಗಿ ಉದಾಹರಿಸುವ ಅಭ್ಯಾಸವೂ ಇದೇ ಭ್ರಮೆಯಿಂದ ಹುಟ್ಟಿದ್ದು. ವಾಸ್ತವದಲ್ಲಿ ಅಲ್ಲಿ ಹಿಂದುಮುಂದಿಲ್ಲ, ಕಾರ್ಯಕಾರಣವಿಲ್ಲ. ನ್ಯೂಟನ್ ಕೊಟ್ಟ ಉದಾಹರಣೆಗಳು ಸರಳವಾದವು: ಕಲ್ಲನ್ನು ಒತ್ತುವ ಬೆರಳನ್ನು ಕಲ್ಲೂ ಒತ್ತುತ್ತದೆ, ಹಗ್ಗದಿಂದ ಕಲ್ಲನ್ನು ಎಳೆಯುವ ಕುದುರೆಯನ್ನು ಕಲ್ಲಿನ ಕಡೆಗೂ ಅಷ್ಟೇ ಎಳೆಯಲಾಗುತ್ತದೆ. ಇವನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ, ಬಲವನ್ನು ಕುರಿತ ಯಾವುದೇ ನಿಜವಾದ ವಾಕ್ಯದಲ್ಲಿ ಕರ್ತೃವನ್ನು ಕರ್ಮವಾಗಿಯೂ ಕರ್ಮವನ್ನು ಕರ್ತೃವಾಗಿಯೂ ಅದಲುಬದಲು ಮಾಡಿ ದಿಕ್ಕನ್ನು ತಿರುಗಿಸಿದರೆ ದೊರೆಯುವ ವಾಕ್ಯವೂ ನಿಜ, ಪರಿಮಾಣವೂ ಅದೇ.

ಮೇಜಿನ ಮೇಲಿಟ್ಟ ಪುಸ್ತಕದ ಉದಾಹರಣೆಯನ್ನು ಇದರಿಂದ ಪರೀಕ್ಷಿಸೋಣ. ಪುಸ್ತಕದ ತೂಕವೇ ಕ್ರಿಯೆ, ಮೇಜಿನ ಲಂಬಬಲವೇ ಪ್ರತಿಕ್ರಿಯೆ, ಎರಡೂ ಸಮ ಎಂಬ ವಿವರಣೆ ಬಹುಕಾಲದಿಂದ ಒಂದು ಕೈಯಿಂದ ಇನ್ನೊಂದು ಕೈಗೆ ಇಳಿದುಬಂದಿದೆ. ವಾಕ್ಯ ಮಾಡಿ ನೋಡಿದರೆ, ಭೂಮಿ ಪುಸ್ತಕವನ್ನು ಎಳೆಯುತ್ತದೆ, ಮೇಜು ಪುಸ್ತಕವನ್ನು ತಳ್ಳುತ್ತದೆ ಎಂದಾಯಿತು. ಎರಡರಲ್ಲೂ ಕರ್ಮ ಪುಸ್ತಕವೇ. ಅದಲುಬದಲು ಆಗಲೇ ಇಲ್ಲ. ಆದುದರಿಂದ ಇವು ಜೋಡಿಯಲ್ಲ. ಮೊದಲನೆಯದರ ಜೋಡಿ, ಪುಸ್ತಕ ಭೂಮಿಯನ್ನು ಎಳೆಯುತ್ತದೆ ಎಂಬುದು. ಎರಡನೆಯದರ ಜೋಡಿ, ಪುಸ್ತಕ ಮೇಜನ್ನು ತಳ್ಳುತ್ತದೆ ಎಂಬುದು. ತೂಕವೂ ಲಂಬಬಲವೂ ಸಮವಾಗಿರುವುದು ಎರಡನೆಯ ನಿಯಮದಿಂದ, ಪುಸ್ತಕಕ್ಕೆ ವೇಗೋತ್ಕರ್ಷವಿಲ್ಲವೆಂಬ ಕಾರಣದಿಂದ. ಸಂದೇಹವಿದ್ದವರು ಮೇಜನ್ನು ಲಿಫ್ಟಿನೊಳಗೆ ಇಡಲಿ. ಪುಸ್ತಕದ ದ್ರವ್ಯರಾಶಿ 1 ಕಿಲೋಗ್ರಾಂ, ಲಿಫ್ಟು ಸೆಕೆಂಡಿಗೆ ಸೆಕೆಂಡಿಗೆ 2 ಮೀಟರಿನಂತೆ ಮೇಲ್ಮುಖವಾದ ವೇಗೋತ್ಕರ್ಷದಿಂದ ಏರುತ್ತಿದೆ ಎನ್ನೋಣ. ಭೂಮಿ ಪುಸ್ತಕವನ್ನು ಎಳೆಯುವುದು 9.8 ನ್ಯೂಟನ್ನುಗಳಿಂದ, ಮೇಜು ಪುಸ್ತಕವನ್ನು ತಳ್ಳುವುದು 11.8 ನ್ಯೂಟನ್ನುಗಳಿಂದ. ಇವೆರಡೂ ಕ್ರಿಯೆ ಪ್ರತಿಕ್ರಿಯೆಗಳಾಗಿದ್ದರೆ ಲಿಫ್ಟಿನೊಳಗೆ ಮೂರನೆಯ ನಿಯಮ ಮುರಿದುಬಿತ್ತೆನ್ನಬೇಕಾಗುತ್ತದೆ. ಮುರಿದಿಲ್ಲ: ಪುಸ್ತಕವೂ ಮೇಜನ್ನು 11.8 ನ್ಯೂಟನ್ನುಗಳಿಂದಲೇ ಕೆಳಕ್ಕೆ ಒತ್ತುತ್ತಿದೆ, ಭೂಮಿಯನ್ನು 9.8 ನ್ಯೂಟನ್ನುಗಳಿಂದಲೇ ಮೇಲಕ್ಕೆ ಎಳೆಯುತ್ತಿದೆ. ಈ ಎಳೆತದಿಂದ ಭೂಮಿಗೆ ಉಂಟಾಗುವ ವೇಗೋತ್ಕರ್ಷ, ಅದರ ದ್ರವ್ಯರಾಶಿ ಸುಮಾರು 6ರ ಮುಂದೆ 24 ಸೊನ್ನೆಗಳಷ್ಟು ಕಿಲೋಗ್ರಾಂ ಆಗಿರುವುದರಿಂದ, ಯಾವ ಉಪಕರಣಕ್ಕೂ ನಿಲುಕದಷ್ಟು ಅಲ್ಪ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ಮೇಜು ಪುಸ್ತಕವನ್ನು ತಳ್ಳುತ್ತದೆ ಎಂಬ ವಾಕ್ಯ ಕನ್ನಡದ ಕಿವಿಗೆ ಒಗ್ಗುವುದಿಲ್ಲ. ಮೇಜು ಪುಸ್ತಕವನ್ನು ಹೊತ್ತಿದೆ, ತಡೆದಿದೆ ಎಂಬುದು ರೂಢಿ. ತಳ್ಳುವುದು ಜೀವವಿರುವವರ ಕೆಲಸ. ಆಕ್ಷೇಪ ಸರಿಯಾದುದೇ. ಆದರೆ ಇದು ಬರಿಯ ಭಾಷೆಯ ತೊಡಕಲ್ಲ, ಭೌತಶಾಸ್ತ್ರದ ತೊಡಕು. ಇಂಗ್ಲಿಷ್ ಮಾತನಾಡುವ ಮಕ್ಕಳೂ ಇಲ್ಲೇ ಎಡವುತ್ತಾರೆ. ಅಮೆರಿಕದ ಪ್ರೌಢಶಾಲಾ ಅಧ್ಯಾಪಕರಾಗಿದ್ದ ಜಿಮ್ ಮಿನ್‌ಸ್ಟ್ರೆಲ್ 1982ರಲ್ಲಿ ಬರೆದ ಲೇಖನವೊಂದರಲ್ಲಿ ಇದಕ್ಕೆ ಅವರು ಕಂಡುಕೊಂಡ ಉಪಾಯದ ವಿವರವಿದೆ. ಪುಸ್ತಕವನ್ನು ಮೊದಲು ವಿದ್ಯಾರ್ಥಿಯ ಚಾಚಿದ ಅಂಗೈ ಮೇಲೆ ಇಡುವುದು, ಅನಂತರ ಸ್ಪ್ರಿಂಗಿನ ಮೇಲೆ, ಕೊನೆಗೆ ಮೇಜಿನ ಮೇಲೆ. ಕೈ ತಳ್ಳುತ್ತದೆಂಬುದನ್ನು ಯಾರೂ ಒಪ್ಪುತ್ತಾರೆ. ಕುಗ್ಗಿದ ಸ್ಪ್ರಿಂಗು ತಳ್ಳುತ್ತದೆಂಬುದನ್ನೂ ಒಪ್ಪುತ್ತಾರೆ. ಮೇಜೂ ಕಣ್ಣಿಗೆ ಕಾಣದಷ್ಟು ಬಾಗಿದ ಒಂದು ಸ್ಪ್ರಿಂಗೇ ಎಂದು ಆಮೇಲೆ ತೋರಿಸುವುದು. ಎರಡು ಇಟ್ಟಿಗೆಗಳ ನಡುವೆ ತೆಳ್ಳನೆಯ ಹಲಗೆಯೊಂದನ್ನು ಅಡ್ಡವಿಟ್ಟು ಇದನ್ನು ಯಾವ ಕಾಲೇಜಿನಲ್ಲಾದರೂ ಮಾಡಬಹುದು. ಯಾವ ವೆಚ್ಚವೂ ಇಲ್ಲ. ನಮ್ಮ ಪುಸ್ತಕಗಳಲ್ಲಿ ಸ್ಥಿತಿಸ್ಥಾಪಕತ್ವವು ಗತಿವಿಜ್ಞಾನ ಮುಗಿದ ಎಷ್ಟೋ ಅಧ್ಯಾಯಗಳ ಅನಂತರ ಬರುತ್ತದೆ; ಲಂಬಬಲಕ್ಕೆ ಕಾರಣವೇ ಅದು ಎಂಬುದನ್ನು ಅಲ್ಲಿಯೂ ಹೇಳುವುದು ಅಪರೂಪ.

ಎತ್ತಿನ ಗಾಡಿಯ ಸಮಸ್ಯೆ ಹಳೆಯದು. ಎತ್ತುಗಳು ಗಾಡಿಯನ್ನು ಎಷ್ಟು ಬಲದಿಂದ ಎಳೆಯುತ್ತವೆಯೊ ಅಷ್ಟೇ ಬಲದಿಂದ ಗಾಡಿಯೂ ಎತ್ತುಗಳನ್ನು ಹಿಂದಕ್ಕೆ ಎಳೆಯುವುದಾದರೆ ಗಾಡಿ ಹೊರಡುವುದು ಹೇಗೆ? ಅನೇಕರು ಇದನ್ನು ಚಮತ್ಕಾರದ ಪ್ರಶ್ನೆಯೆಂದು ಕೇಳಿ ನಕ್ಕು ಬಿಟ್ಟುಬಿಡುತ್ತಾರೆ. ನಾವು ಇದನ್ನು ಲೆಕ್ಕವಾಗಿಯೇ ಮಾಡಿಸಬೇಕೆನ್ನುತ್ತೇವೆ. ಎತ್ತುಗಳ ಜೋಡಿ 600 ಕಿಲೋಗ್ರಾಂ, ಗಾಡಿ 500 ಕಿಲೋಗ್ರಾಂ. ಎತ್ತುಗಳು ಗೊರಸಿನಿಂದ ನೆಲವನ್ನು 770 ನ್ಯೂಟನ್ನುಗಳಿಂದ ಹಿಂದಕ್ಕೆ ಒತ್ತುತ್ತವೆ. ಅದಲುಬದಲಿನ ನಿಯಮದಿಂದ ನೆಲವು ಎತ್ತುಗಳನ್ನು 770 ನ್ಯೂಟನ್ನುಗಳಿಂದ ಮುಂದಕ್ಕೆ ತಳ್ಳುತ್ತದೆ. ನೆಲವು ಗಾಡಿಯನ್ನು 220 ನ್ಯೂಟನ್ನುಗಳಿಂದ ತಡೆಯುತ್ತದೆ. ಎರಡೂ ಸೇರಿದ 1100 ಕಿಲೋಗ್ರಾಮಿನ ಮೇಲೆ ಹೊರಗಿನಿಂದ ಉಳಿಯುವ ಫಲಿತಬಲ 550 ನ್ಯೂಟನ್, ವೇಗೋತ್ಕರ್ಷ ಸೆಕೆಂಡಿಗೆ ಸೆಕೆಂಡಿಗೆ ಅರ್ಧ ಮೀಟರ್. ಗಾಡಿಯನ್ನೊಂದನ್ನೇ ನೋಡಿದರೆ ಅದಕ್ಕೆ ಬೇಕಾದ ಫಲಿತಬಲ 250. ತಡೆಯ 220 ಸೇರಿ ಎತ್ತುಗಳು ಗಾಡಿಯನ್ನು 470 ನ್ಯೂಟನ್ನುಗಳಿಂದ ಎಳೆಯಬೇಕು. ಗಾಡಿ ಎತ್ತುಗಳನ್ನು ಹಿಂದಕ್ಕೆ ಎಳೆಯುವುದೂ 470. 770ರಲ್ಲಿ ಅದನ್ನು ಕಳೆದರೆ 300. 600 ಕಿಲೋಗ್ರಾಮಿನ ಎತ್ತುಗಳಿಗೆ ಅದೇ ಅರ್ಧ ಮೀಟರ್. ಎರಡು 470ಗಳು ಸಮ, ವಿರುದ್ಧ. ಆದರೂ ಒಂದನ್ನೊಂದು ಅಳಿಸಿಕೊಳ್ಳಲಿಲ್ಲ, ಏಕೆಂದರೆ ಒಂದರ ಕರ್ಮ ಗಾಡಿ, ಇನ್ನೊಂದರ ಕರ್ಮ ಎತ್ತು. ಗಾಡಿಯನ್ನು ಹೊರಡಿಸುವುದರಲ್ಲಿ ನೆಲಕ್ಕಿರುವ ಪಾತ್ರವೂ ಇದರಿಂದ ಹೊರಬೀಳುತ್ತದೆ. ಕೆಸರಿನಲ್ಲಿ ಎತ್ತುಗಳು ಜಾರುವುದನ್ನು ಕಂಡ ರೈತನಿಗೆ ಇದು ಹೊಸ ಸಂಗತಿಯೇನಲ್ಲ.

ಎರಡನೆಯ ನಿಯಮದ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ದ್ರವ್ಯರಾಶಿಯನ್ನು ವೇಗೋತ್ಕರ್ಷದಿಂದ ಗುಣಿಸಿದರೆ ಬಲವೆಂಬ ಸೂತ್ರ ಆ ರೂಪದಲ್ಲಿ ನ್ಯೂಟನ್ನನದಲ್ಲ. ಅವನು ಹೇಳಿದ್ದು ಚಲನಪರಿಮಾಣದ ಬದಲಾವಣೆಯನ್ನು. ಸೂತ್ರವನ್ನು ಸಾಮಾನ್ಯ ತತ್ತ್ವವಾಗಿ ಮಂಡಿಸಿದವನು 1750ರಲ್ಲಿ ಆಯ್ಲರ್. ಇದರಲ್ಲಿ ಬಲವನ್ನು ಸೊನ್ನೆಮಾಡಿದರೆ ಮೊದಲನೆಯ ನಿಯಮ ಬರುತ್ತದೆಂದು ಬರೆಯುವವರು, ಈ ಸೂತ್ರ ಯಾವ ವೀಕ್ಷಕನಿಗೆ ನಿಜವೆಂಬುದನ್ನು ನಿರ್ಣಯಿಸುವುದೇ ಮೊದಲನೆಯ ನಿಯಮದ ಕೆಲಸವೆಂಬುದನ್ನು ಗಮನಿಸುವುದಿಲ್ಲ. ಜಡತ್ವ ವ್ಯವಸ್ಥೆಯೆಂಬ ಹೆಸರನ್ನು 1885ರಲ್ಲಿ ಲೂಡ್ವಿಗ್ ಲಾಂಗೆ ಕೊಟ್ಟ ಮೇಲೂ ಪ್ರಥಮ ಪಾಠಗಳಿಗೆ ಅದು ಇಳಿಯಲು ಬಹುಕಾಲ ಹಿಡಿಯಿತು.

ದ್ರವ್ಯರಾಶಿಯ ನಿರೂಪಣೆಯಲ್ಲಿ ಮಾತ್ರ ನ್ಯೂಟನ್ನನಿಗಿಂತ ಅವನ ವಿಮರ್ಶಕನ ಮಾತೇ ಮೇಲು. ಸಾಂದ್ರತೆಯನ್ನು ಗಾತ್ರದಿಂದ ಗುಣಿಸಿದ್ದು ದ್ರವ್ಯದ ಪರಿಮಾಣವೆಂದು ನ್ಯೂಟನ್. ಸಾಂದ್ರತೆಯನ್ನು ದ್ರವ್ಯರಾಶಿಯಿಲ್ಲದೆ ಹೇಳುವುದೆಂತು ಎಂದು 1883ರಲ್ಲಿ ಎರ್ನ್‌ಸ್ಟ್ ಮಾಖ್. ಅವನ ಪರಿಹಾರ ಇದು: ಎರಡು ವಸ್ತುಗಳು ಪರಸ್ಪರ ವರ್ತಿಸಿದಾಗ ಅವು ಪಡೆಯುವ ವೇಗೋತ್ಕರ್ಷಗಳ ವಿಲೋಮ ಪ್ರಮಾಣವೇ ದ್ರವ್ಯರಾಶಿಗಳ ಪ್ರಮಾಣ. ನುಣುಪಾದ ಮೇಜಿನ ಮೇಲೆ ಎರಡು ಚಿಕ್ಕ ಗಾಡಿಗಳ ನಡುವೆ ಒತ್ತಿಹಿಡಿದ ಸ್ಪ್ರಿಂಗನ್ನು ಬಿಟ್ಟಾಗ ಒಂದು ಸೆಕೆಂಡಿಗೆ 60 ಸೆಂಟಿಮೀಟರ್, ಇನ್ನೊಂದು 30 ಸೆಂಟಿಮೀಟರ್ ವೇಗದಿಂದ ಸಿಡಿದರೆ ಎರಡನೆಯದರ ದ್ರವ್ಯರಾಶಿ ಮೊದಲನೆಯದರ ಎರಡರಷ್ಟು. ಈ ಪ್ರಯೋಗದಲ್ಲಿ ಮೂರನೆಯ ನಿಯಮವೇ ಮೊದಲು ಬರುತ್ತದೆ, ದ್ರವ್ಯರಾಶಿ ಆಮೇಲೆ, ಬಲದ ಅಳತೆ ಕೊನೆಗೆ. ಪಾಠದ ಕ್ರಮವನ್ನು ಹೀಗೆ ತಲೆಕೆಳಗು ಮಾಡಬೇಕೆಂದು ನಾವು ಹಟ ಹಿಡಿಯುವುದಿಲ್ಲ. ಆದರೆ ಬಲವು ಇಬ್ಬರ ನಡುವಣ ವ್ಯಾಪಾರವೆಂಬುದನ್ನು ಮೊದಲ ದಿನವೇ ತೋರಿಸಲು ಇದಕ್ಕಿಂತ ಸುಲಭವಾದ ಮಾರ್ಗ ನಮಗೆ ತಿಳಿದಿಲ್ಲ.

ಪ್ರಶ್ನಪತ್ರಿಕೆಗಳನ್ನು ರಚಿಸುವವರಿಗೂ ಇಲ್ಲಿ ಒಂದು ಮಾತಿದೆ. ನಿಯಮವನ್ನು ನಿರೂಪಿಸಿ, ಎರಡು ಉದಾಹರಣೆ ಕೊಡಿ ಎಂಬ ಪ್ರಶ್ನೆಗೆ ಕಂಠಪಾಠವೇ ಉತ್ತರ. ಅದರ ಬದಲು ಒಂದು ಚಿತ್ರವನ್ನು ಕೊಟ್ಟು, ಅದರಲ್ಲಿ ವರ್ತಿಸುವ ಪ್ರತಿಯೊಂದು ಬಲವನ್ನೂ ಪೂರ್ಣವಾಕ್ಯವಾಗಿ ಬರೆದು ಅದರ ಜೋಡಿವಾಕ್ಯವನ್ನು ಎದುರಿಗೆ ಬರೆಯುವಂತೆ ಕೇಳಬಹುದು. ಬಾವಿಯ ರಾಟೆಯಿಂದ ನೀರು ಸೇದುವ ಹೆಂಗಸು, ಕೊಡ, ಹಗ್ಗ, ರಾಟೆ, ನೆಲ, ಭೂಮಿ, ಇಷ್ಟು ಸಾಕು. ತರಗತಿಯ ಒಂದು ಅವಧಿಯೆಲ್ಲ ಇದೊಂದೇ ಚಿತ್ರಕ್ಕೆ ಬೇಕಾಗುತ್ತದೆ.

ಕರ್ತೃವನ್ನು ಹುಡುಕುವ ಈ ಪರೀಕ್ಷೆಗೂ ಎಲ್ಲೆಯುಂಟು. ತಿರುಗುವ ತೊಟ್ಟಿಲಿನಲ್ಲಿ ಕುಳಿತವನನ್ನು ಹೊರಕ್ಕೆ ಎಳೆಯುವಂತೆ ತೋರುವ ಅಪಕೇಂದ್ರ ಬಲಕ್ಕೆ ಕರ್ತೃವಿಲ್ಲ. ಆದುದರಿಂದ ಅದು ತಿರುಗುವ ವೀಕ್ಷಕನ ಲೆಕ್ಕದಲ್ಲಿ ಮಾತ್ರ ಕಾಣಿಸಿಕೊಳ್ಳುವ ಬಲವೆಂದು ಹೇಳಿ ಮುಂದುವರಿಯಬಹುದು. ಚಲಿಸುವ ಎರಡು ವಿದ್ಯುದಾವೇಶಗಳ ವಿಷಯದಲ್ಲಿ ಅದಲುಬದಲಿನ ನಿಯಮ ಹಾಗೆಯೇ ನಿಲ್ಲದು. ಅವುಗಳ ನಡುವಣ ಕ್ಷೇತ್ರಕ್ಕೂ ಸಂವೇಗವುಂಟೆಂದು ಒಪ್ಪಬೇಕಾಗುತ್ತದೆ. ಇವೆರಡಕ್ಕಿಂತ ಗಂಭೀರವಾದುದು ಗುರುತ್ವದ ಸಂಗತಿ. ಅಪಕೇಂದ್ರ ಬಲದಂತೆ ಗುರುತ್ವವೂ ವಸ್ತುವಿನ ದ್ರವ್ಯರಾಶಿಗೆ ಸರಿಯಾದ ಪ್ರಮಾಣದಲ್ಲೇ ಇದ್ದು, ಎಲ್ಲ ವಸ್ತುಗಳಿಗೂ ಒಂದೇ ವೇಗೋತ್ಕರ್ಷವನ್ನು ಕೊಡುತ್ತದೆ. ಇದನ್ನು ಹಿಡಿದು 1907ರಲ್ಲಿ ಆಲೋಚನೆಯನ್ನು ಆರಂಭಿಸಿದ ಐನ್‌ಸ್ಟೈನರು 1915ರಲ್ಲಿ ಮುಟ್ಟಿದ ಸಿದ್ಧಾಂತದ ಪ್ರಕಾರ, ಬೀಳುವ ಕಲ್ಲನ್ನು ಯಾವುದೂ ಎಳೆಯುತ್ತಿಲ್ಲ. ಭೂಮಿ ಕಲ್ಲನ್ನು ಎಳೆಯುತ್ತದೆ ಎಂಬ ನಮ್ಮ ವಾಕ್ಯ ಅಲ್ಲಿ ತನ್ನ ಕ್ರಿಯಾಪದವನ್ನು ಕಳೆದುಕೊಳ್ಳುತ್ತದೆ. ಮೇಜು ಪುಸ್ತಕವನ್ನು ತಳ್ಳುತ್ತದೆ ಎಂಬುದು ಮಾತ್ರ ಹಾಗೆಯೇ ಉಳಿಯುತ್ತದೆ. ಸ್ನಾತಕೋತ್ತರ ತರಗತಿಯಲ್ಲಿ ಸಾಪೇಕ್ಷತಾವಾದವನ್ನು ಬೋಧಿಸುವವರು ಅಲ್ಲಿಂದ ಈ ಮೊದಲ ಪಾಠದ ಕಡೆಗೆ ಒಮ್ಮೆ ಹಿಂದಿರುಗಿ ನೋಡಿದರೆ, ಲಂಬಬಲದ ಆ ವಾಕ್ಯಕ್ಕೆ ವಿದ್ಯಾರ್ಥಿಗಳು ಒಗ್ಗಿಕೊಂಡಿದ್ದಾರೆಯೆ ಇಲ್ಲವೆ ಎಂಬುದು ಅವರಿಗೆ ಮೊದಲ ಗಂಟೆಯಲ್ಲೇ ತಿಳಿದುಬರುತ್ತದೆ.